ಒಂದೇ ಆಲ್ಬಮ್: ಒಬ್ಬರು 5ಕ್ಕೆ ಒಂದೂವರೆ ಕೊಟ್ಟರು, ಇನ್ನೊಬ್ಬರು 10ಕ್ಕೆ 10

2000ನೇ ಇಸವಿಯ ಅಕ್ಟೋಬರ್ ತಿಂಗಳು. ಇಂಗ್ಲೆಂಡಿನ ಅಂಗಡಿಗಳಿಗೆ ಒಂದು ಸಿಡಿ ಬಂತು. ಹೆಸರು 'ಕಿಡ್ ಎ'. ಮಾಡಿದವರು ರೇಡಿಯೋಹೆಡ್ ಅನ್ನೋ ಬ್ಯಾಂಡಿನ ಐದು ಜನ. ಲಂಡನ್ನಿನ 'ಮೆಲೊಡಿ ಮೇಕರ್' ಪತ್ರಿಕೆಯಲ್ಲಿ ಮಾರ್ಕ್ ಬೋಮಾಂಟ್ ಎಂಬ ವಿಮರ್ಶಕರು ಅದಕ್ಕೆ ಕೊಟ್ಟ ಅಂಕ 5ಕ್ಕೆ 1.5. ಅದೇ ದಿನಗಳಲ್ಲಿ ಅಮೆರಿಕದ ಶಿಕಾಗೋದಿಂದ ನಡೆಯುತ್ತಿದ್ದ 'ಪಿಚ್‌ಫೋರ್ಕ್' ಎಂಬ ಪುಟ್ಟ ವೆಬ್‌ಸೈಟು ಕೊಟ್ಟಿದ್ದು 10ಕ್ಕೆ 10.

ಒಂದೇ ಸಿಡಿ, ಅವೇ ಹತ್ತು ಟ್ರ್ಯಾಕು, ಹೆಚ್ಚುಕಮ್ಮಿ 50 ನಿಮಿಷ. ಒಬ್ಬರಿಗೆ ಕಸ, ಇನ್ನೊಬ್ಬರಿಗೆ ದೇವರ ಪ್ರಸಾದ.

ಇದಾಗಿ 25 ವರ್ಷ ದಾಟಿದೆ. ನಮ್ಮೂರಿಗೂ ಇದಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ನಮ್ಮ ಈ ಬ್ಲಾಗಿನಲ್ಲೂ ನಾವು ನಾಟಕ, ಸಿನಿಮಾ, ಹಾಡು ಅಂತ ವಿಮರ್ಶೆ ಬರೀತೀವಿ. ನೀವೂ ಯೂಟ್ಯೂಬಿನ ಕೆಳಗೆ ಒಂದು ಸಾಲು ಬರೆದು ಹೋಗ್ತೀರಿ. ಹೊಸ ಥರದ್ದೊಂದು ಕಿವಿಗೆ ಬಿದ್ದಾಗ ನಾವೆಲ್ಲ ಹೇಗೆ ನಡೆದುಕೊಳ್ಳುತ್ತೇವೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ. ಅದಕ್ಕೇ ಬರೀತಿದೀನಿ.

ಮೊದಲು ಈ ಬ್ಯಾಂಡಿನ ಕಥೆ ಚುಟುಕಾಗಿ. ಆಕ್ಸ್‌ಫರ್ಡ್ ಹತ್ತಿರದ ಆ್ಯಬಿಂಗ್ಡನ್ ಅನ್ನೋ ಊರಲ್ಲಿ ಒಂದೇ ಶಾಲೆಯಲ್ಲಿ ಓದಿದ ಗೆಳೆಯರು ಇವರು. ಹಾಡುವವನು ಥಾಮ್ ಯಾರ್ಕ್. ಜಾನಿ ಗ್ರೀನ್‌ವುಡ್ ಮತ್ತು ಕಾಲಿನ್ ಗ್ರೀನ್‌ವುಡ್ ಅಣ್ಣತಮ್ಮಂದಿರು. ಜೊತೆಗೆ ಎಡ್ ಒಬ್ರಿಯನ್, ಡ್ರಮ್ಮಿಗೆ ಫಿಲ್ ಸೆಲ್ವೇ. 1997ರಲ್ಲಿ ಇವರ 'ಓಕೆ ಕಂಪ್ಯೂಟರ್' ಬಂದಾಗ ಎಲ್ಲ ಕಡೆ ಹೊಗಳಿದರು. ಗಿಟಾರ್ ಇತ್ತು, ರಾಗ ಇತ್ತು, ಬಾಯಲ್ಲಿ ಗುನುಗುವಂಥ ಸಾಲುಗಳಿದ್ದವು. ರಾಕ್ ಸಂಗೀತವನ್ನು ಉಳಿಸೋರು ಇವರೇ ಅಂತ ಪತ್ರಿಕೆಗಳು ಪಟ್ಟ ಕಟ್ಟಿದವು.

ಪಟ್ಟ ಕಟ್ಟಿಸಿಕೊಂಡವರ ಕಷ್ಟ ಏನು ಅಂದರೆ, ಮುಂದಿನ ಸಲವೂ ಅದೇ ವೇಷದಲ್ಲಿ ಬರಬೇಕು ಅಂತ ಜನ ಕಾಯ್ತಿರ್ತಾರೆ. ಪ್ರವಾಸ ಮುಗಿಸಿ ಬಂದ ಥಾಮ್ ಯಾರ್ಕ್‌ಗೆ ಹಾಡು ಬರೆಯೋದೇ ಆಗಲಿಲ್ಲ. ರೇಡಿಯೋ ಹಾಕಿದರೆ ತನ್ನ ದನಿಯನ್ನೇ ಅನುಕರಿಸುವ ಹುಡುಗರು. ಆ ಹೊತ್ತಿಗೆ ಅವನು ಕೇಳುತ್ತಿದ್ದದ್ದು ಅಫೆಕ್ಸ್ ಟ್ವಿನ್, ಆಟೆಕರ್ ಅಂಥವರ ಕಂಪ್ಯೂಟರ್ ಸಂಗೀತ. ಅದರಲ್ಲಿ ಹಾಡೋರೇ ಇಲ್ಲ, ಬರೀ ಸದ್ದು, ಬಡಿತ. ಅವನಿಗೆ ಅದು ಇಷ್ಟವಾಯ್ತು.

1999ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ರೆಕಾರ್ಡಿಂಗ್ ಶುರುವಾಯಿತು. ಆಮೇಲೆ ಕೋಪನ್‌ಹೇಗನ್, ಆಮೇಲೆ ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಒಂದು ದೊಡ್ಡ ಮನೆ, ಕೊನೆಗೆ ಆಕ್ಸ್‌ಫರ್ಡಿನ ತಮ್ಮದೇ ಸ್ಟುಡಿಯೋ. ಮುಗಿಯಲು ವರ್ಷದ ಮೇಲೆ ಹಿಡಿಯಿತು. ಮೂರು ಜನ ಗಿಟಾರ್ ಬಾರಿಸುವ ಬ್ಯಾಂಡಿನಲ್ಲಿ ಗಿಟಾರೇ ಬೇಡ ಅಂದರೆ ಉಳಿದವರು ಏನು ಮಾಡಬೇಕು? ಎಡ್ ಒಬ್ರಿಯನ್‌ಗೆ ಮೊದಲು ಬೇಕಾಗಿದ್ದದ್ದು ಚಿಕ್ಕಚಿಕ್ಕ, ಸರಳ ಗಿಟಾರ್ ಹಾಡುಗಳು. ಬ್ಯಾಂಡ್ ಒಡೆಯುವ ಮಾತೂ ಬಂದು ಹೋಯಿತು. ನಿರ್ಮಾಪಕ ನೈಜಲ್ ಗಾಡ್ರಿಚ್ ಎರಡು ಗುಂಪು ಮಾಡಿ ಎರಡು ಕೋಣೆಗೆ ಕಳಿಸಿ, ಗಿಟಾರು ಡ್ರಮ್ಮು ಮುಟ್ಟದೆ ಏನಾದರೂ ಮಾಡಿಕೊಂಡು ಬನ್ನಿ ಅಂದನಂತೆ. ಶಾಲೆಯ ಮೇಷ್ಟ್ರ ಹಾಗೆ.

ಯಾರ್ಕ್ ಸಾಹಿತ್ಯ ಬರೆದ ರೀತಿಯೂ ವಿಚಿತ್ರ. ಸಾಲುಗಳನ್ನು ಚೀಟಿಯಲ್ಲಿ ಬರೆದು, ಟೋಪಿಯೊಳಗೆ ಹಾಕಿ ಕಲಸಿ, ಕೈಗೆ ಬಂದದ್ದನ್ನು ಹಾಡಿದ. ನಮ್ಮಲ್ಲಿ ಊರಜಾತ್ರೆ ಹರಾಜಿಗೆ ಚೀಟಿ ಎತ್ತಿದ ಹಾಗೆ. ಅರ್ಥ ಹುಡುಕಬೇಡಿ ಅಂತ ಅವನೇ ಬಾಗಿಲು ಹಾಕಿದಂತಾಯಿತು.

ಹೀಗೆ ತಯಾರಾದ ಆಲ್ಬಮ್ಮಿನಲ್ಲಿ ಮೊದಲ ಹಾಡಿಗೇ ಗಿಟಾರ್ ಇಲ್ಲ. ಒಂದು ಸಿಂಥಸೈಜರ್ ಮೆತ್ತಗೆ ಸುತ್ತುತ್ತಾ ಹೋಗುತ್ತದೆ, ಮೇಲೆ ಥಾಮ್‌ನ ದನಿಯನ್ನು ಕತ್ತರಿಸಿ ತುಂಡು ತುಂಡು ಮಾಡಿ ಅಂಟಿಸಿದ್ದಾರೆ. ಎರಡನೇ ಹಾಡಿನಲ್ಲಿ ದನಿಯೇ ಮನುಷ್ಯನದ್ದಲ್ಲ ಅನ್ನಿಸುವಂತೆ ಯಂತ್ರಕ್ಕೆ ಹಾಕಿ ತಿರುಚಿದ್ದಾರೆ. ಮೂರನೆಯದ್ದರಲ್ಲಿ ಒಂದೇ ಬೇಸ್ ಸಾಲು ಸುತ್ತಿ ಸುತ್ತಿ ಬರುತ್ತದೆ. ಯಾರ್ಕ್ ಅದನ್ನು ಕಟ್ಟಿದ್ದು ಹದಿನಾರನೇ ವಯಸ್ಸಿನಲ್ಲಿ. ಅದರ ಮೇಲೆ ತುತ್ತೂರಿ, ಸ್ಯಾಕ್ಸೊಫೋನ್ ಬಾರಿಸೋರೆಲ್ಲ ಸೇರಿ ಜಗಳಕ್ಕೆ ಬಿದ್ದಂತೆ ಊದುತ್ತಾರೆ. ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ಟಿನವರು ಒಬ್ಬೊಬ್ಬರೂ ಬೇರೆ ಬೇರೆ ಹಾಡು ಎತ್ತಿಕೊಂಡರೆ ಹೇಗಿರುತ್ತೆ, ಹಾಗೆ. ನಾಲ್ಕನೆಯದ್ದು ಇದ್ದಕ್ಕಿದ್ದಂತೆ ತಣ್ಣಗೆ. ಅದರ ಪಿಟೀಲುಗಳನ್ನು ಆಕ್ಸ್‌ಫರ್ಡ್ ಹತ್ತಿರದ ಡಾರ್ಚೆಸ್ಟರ್ ಅನ್ನೋ ಊರಿನ ಹಳೇ ಚರ್ಚಿನಲ್ಲಿ ರೆಕಾರ್ಡ್ ಮಾಡಿದ್ದು. ಕೇಳಿದರೆ ಆ ಕಲ್ಲುಗೋಡೆಗಳ ಮಾರ್ದನಿ ಗೊತ್ತಾಗುತ್ತದೆ.

ಇಷ್ಟು ಸಾಲದು ಅಂತ ಬಿಡುಗಡೆ ಮಾಡಿದ ರೀತಿಯೂ ಬೇರೆ. ಮುಂಚೆ ಒಂದು ಹಾಡನ್ನು ಬಿಟ್ಟು ಜನರ ಬಾಯಿಗೆ ರುಚಿ ಹತ್ತಿಸುವ ಪದ್ಧತಿ ಇದೆಯಲ್ಲ, ಅದನ್ನು ಮಾಡಲಿಲ್ಲ. ವಿಡಿಯೋ ಹಾಡು ಮಾಡಲಿಲ್ಲ. ಅರ್ಧ ನಿಮಿಷದ ಪುಟ್ಟ ಚಿತ್ರತುಣುಕುಗಳನ್ನಷ್ಟೇ ಬಿಟ್ಟರು. ಯೂರೋಪಿನಲ್ಲಿ ಕಾರ್ಯಕ್ರಮಕ್ಕೆ ತಮ್ಮದೇ ದೊಡ್ಡ ಡೇರೆ ಹೊತ್ತುಕೊಂಡು ಹೋದರು. ಒಳಗೆ ಯಾವ ಕಂಪನಿಯ ಜಾಹೀರಾತು ಬೋರ್ಡೂ ಇರಲಿಲ್ಲ. ನಮ್ಮ ನಾಟಕ ಕಂಪನಿಗಳು ಊರೂರಿಗೆ ಟೆಂಟ್ ಹಾಕಿದ ಹಾಗೆ ಅಂದುಕೊಳ್ಳಿ, ಆದರೆ ಸೋಪಿನ ಜಾಹೀರಾತಿಲ್ಲದ ಟೆಂಟು.

ಈಗ ವಿಮರ್ಶಕರ ವಿಷಯಕ್ಕೆ ಬರೋಣ. ನಿಜವಾದ ತಕರಾರು ಶುರುವಾಗೋದೇ ಇಲ್ಲಿ.

ಸಿಡಿ ಸೋರಿಹೋಗುತ್ತದೆ ಅನ್ನೋ ಭಯಕ್ಕೆ ಕಂಪನಿಯವರು ಪತ್ರಿಕೆಗಳಿಗೆ ಮುಂಗಡ ಪ್ರತಿ ಹಂಚಲು ಕೈ ಬಿಗಿಹಿಡಿದರು. ಅನೇಕರಿಗೆ ಕರೆದು, ಕೂರಿಸಿ, ತಮ್ಮ ಕಣ್ಣೆದುರೇ ಕೇಳಿಸಿ ಕಳಿಸಿದರು. ಒಂದು ಸಲ ಕೇಳಿದ್ದು, ಮನೆಗೆ ಹೋಗಿ ಬರೆದದ್ದು. ಮಜಾ ಏನಂದರೆ, ಇಷ್ಟು ಕಾವಲಿದ್ದರೂ ಬಿಡುಗಡೆಗೆ ವಾರಗಳ ಮುಂಚೆಯೇ ಇಡೀ ಆಲ್ಬಮ್ ನ್ಯಾಪ್‌ಸ್ಟರ್‌ನಲ್ಲಿ ಬಂದಿತ್ತು. ನ್ಯಾಪ್‌ಸ್ಟರ್ ಅಂದರೆ ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರು ಹಾಡು ಎಳೆದುಕೊಳ್ಳುವ ಆಗಿನ ಕಾಲದ ವ್ಯವಸ್ಥೆ. ಈಗ ನಾವು ಬ್ಲೂಟೂತು, ಟೆಲಿಗ್ರಾಮ್ ಅಂತ ಮಾಡೋದರ ಮುತ್ತಜ್ಜ. ಅದಕ್ಕೂ ಮೊದಲು ಬಾರ್ಸಿಲೋನಾದಲ್ಲಿ ಹೊಸ ಹಾಡುಗಳನ್ನು ನುಡಿಸಿದ ಮರುದಿನವೇ ಅದರ ರೆಕಾರ್ಡಿಂಗ್ ನ್ಯಾಪ್‌ಸ್ಟರ್‌ಗೆ ಬಂದಿತ್ತಂತೆ. ಮೂರು ವಾರ ಬಿಟ್ಟು ಇಸ್ರೇಲಿಗೆ ಹೋದರೆ ಅಲ್ಲಿನ ಜನ ಆ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡು ನಿಂತಿದ್ದರು ಅಂತ ಕಾಲಿನ್ ಗ್ರೀನ್‌ವುಡ್ ಬಿಬಿಸಿಗೆ ಹೇಳಿದ್ದ.

ಸ್ವಲ್ಪ ಯೋಚನೆ ಮಾಡಿ. ಸಂಬಳ ತಗೊಂಡು ವಿಮರ್ಶೆ ಬರೆಯುವವರು ಒಂದೇ ಸಲ ಕೇಳಿದ್ದಾರೆ. ಕದ್ದು ಕೇಳಿದ ಅಭಿಮಾನಿ ಹುಡುಗ ಇಪ್ಪತ್ತು ಸಲ ಕೇಳಿದ್ದಾನೆ. ಯಾರ ಮಾತಿಗೆ ತೂಕ ಹೆಚ್ಚು?

ಬೋಮಾಂಟ್ ಬರೆದದ್ದರಲ್ಲಿ ಕೆಲವು ಬೈಗುಳ ಇಲ್ಲಿ ಬರೆಯೋಕಾಗಲ್ಲ, ಮನೆಯವರೂ ಈ ಬ್ಲಾಗ್ ಓದ್ತಾರೆ. ಬೈಗುಳ ತೆಗೆದರೆ ಅವರ ತಕರಾರು ಇಷ್ಟು: ಇದು ತಮ್ಮನ್ನು ತಾವೇ ಮೆಚ್ಚಿಕೊಳ್ಳುವ ಗೋಳು, ಹತ್ತಾರು ಹಾಡು ಶುರು ಮಾಡಿ ಹೇಗೆ ಮುಗಿಸೋದು ಅಂತ ಯಾರಿಗೂ ಗೊತ್ತಾಗದೆ ಬಿಟ್ಟಿದ್ದಾರೆ. 'ಮೋಜೋ' ಪತ್ರಿಕೆಯ ವಿಮರ್ಶೆಯೂ ಮೊದಲ ಸಲ ಕೇಳಿದಾಗ ಇದು ತೀರಾ ಕೆಟ್ಟದಾಗಿದೆ, ಹಾಡು ಕಟ್ಟುವ ಮುಂಚಿನ ಚೂರುಪಾರುಗಳಂತಿದೆ ಅಂದಿತು. 'ಎನ್‌ಎಂಇ' 10ಕ್ಕೆ 7 ಕೊಟ್ಟು ಮಧ್ಯದಲ್ಲಿ ನಿಂತಿತು. ಅಮೆರಿಕದ 'ರೋಲಿಂಗ್ ಸ್ಟೋನ್' 5ಕ್ಕೆ 4 ಕೊಟ್ಟಿತು.

ಇನ್ನು ಆ 10ಕ್ಕೆ 10. ಬರೆದವರು ಬ್ರೆಂಟ್ ಡಿಕ್ರೆಸೆಂಜೊ. ಇಟಲಿಯಲ್ಲಿ ಈ ಬ್ಯಾಂಡಿನ ಕಾರ್ಯಕ್ರಮ ನೋಡಿದ್ದು, ಉಲ್ಕೆ ಬಿದ್ದದ್ದು, ಹುಟ್ಟು, ಸಾವು, ಸಾವಿನ ಆಚೆ, ಎಲ್ಲ ಬರುತ್ತೆ ಅದರಲ್ಲಿ. ಉಪಮೆಗಳ ಮಳೆ. ಇಂಟರ್‌ನೆಟ್ಟಿನಲ್ಲಿ ಅದನ್ನು ವರ್ಷಗಟ್ಟಲೆ ಗೇಲಿ ಮಾಡಿದರು. ಆದರೆ ಆ ಒಂದು ವಿಮರ್ಶೆ ಓದಲು ಜನ ನುಗ್ಗಿದ್ದರಿಂದಲೇ ಪಿಚ್‌ಫೋರ್ಕ್ ಅನ್ನೋ ಹೆಸರು ಊರಿಗೆಲ್ಲ ಗೊತ್ತಾಯಿತು.

ನನ್ನ ಅಭಿಪ್ರಾಯ ಕೇಳಿದರೆ, ಆ ಎರಡೂ ಕೊನೆಯ ವಿಮರ್ಶೆಗಳು ಒಂದೇ ತಾಯಿಯ ಮಕ್ಕಳು. ಒಬ್ಬರು ಸಿಟ್ಟಿನಲ್ಲಿ ಬರೆದರು, ಒಬ್ಬರು ಮೈಮೇಲೆ ಬಂದವರಂತೆ ಬರೆದರು. ಎರಡನ್ನೂ ಓದಿದ ಮೇಲೆ ಬರೆದವರ ಎದೆಬಡಿತ ಎಷ್ಟಿತ್ತು ಅನ್ನೋದು ಗೊತ್ತಾಗುತ್ತದೆ. ಎಲೆಕ್ಟ್ರಾನಿಕ್ ಸಂಗೀತವನ್ನೇ ಕೇಳದ ಒಬ್ಬ ಓದುಗನಿಗೆ, ಈ ಸದ್ದು ಎಲ್ಲಿಂದ ಬಂತು, ಯಾಕೆ ಹೀಗಿದೆ, ಯಾವುದರ ಮೇಲೆ ಕಿವಿ ಇಡಬೇಕು ಅನ್ನೋದು ಸಿಗುವುದಿಲ್ಲ.

ಇವೆರಡಕ್ಕಿಂತ ನನಗೆ ತಲೆ ತಿಂದದ್ದು ಮೂರನೆಯದ್ದು. ನಿಕ್ ಹಾರ್ನ್‌ಬಿ ಅನ್ನೋ ಇಂಗ್ಲಿಷ್ ಲೇಖಕರು 'ನ್ಯೂಯಾರ್ಕರ್' ಪತ್ರಿಕೆಗೆ ಬರೆದದ್ದು. ಇವರು ಹಾಡಿನ ಹುಚ್ಚರ ಮೇಲೇ ಒಂದು ಕಾದಂಬರಿ ಬರೆದವರು, ಸಂಗೀತದ ಶತ್ರುವಲ್ಲ. ಅವರು ಹೇಳಿದ್ದರ ಸಾರ ಇದು: ಈ ಆಲ್ಬಮ್ ಕೇಳೋದಕ್ಕೆ ತಾಳ್ಮೆ ಬೇಕು, ಭಕ್ತಿ ಬೇಕು, ದುಡಿಯೋಕೆ ಶುರು ಮಾಡಿದ ಮೇಲೆ ಮನುಷ್ಯನಿಗೆ ಇವೆರಡೂ ಕಮ್ಮಿ ಆಗುತ್ತವೆ, ಹದಿನಾರು ವರ್ಷದ ಹುಡುಗನಿಗೆ ಇದೆಲ್ಲ ಸರಿ, ವೋಟು ಹಾಕುವ ವಯಸ್ಸಿನವರಿಗೆ ಬೇರೆ ಕೆಲಸ ಇರುತ್ತದೆ.

ಈ ಮಾತನ್ನು ಸುಲಭಕ್ಕೆ ತಳ್ಳಿಹಾಕಲು ಆಗೋದಿಲ್ಲ. ಬೆಳಿಗ್ಗೆ ಐದಕ್ಕೆ ಹಾಲು ಕರೆದು, ಡೇರಿಗೆ ಹಾಕಿ, ಗಾರ್ಮೆಂಟ್ಸ್ ಬಸ್ಸು ಹತ್ತಿ, ರಾತ್ರಿ ಎಂಟಕ್ಕೆ ಮನೆ ಸೇರುವ ಹೆಣ್ಣುಮಗಳಿಗೆ 'ಇದನ್ನು ಐದು ಸಲ ಕೇಳಮ್ಮ, ಆರನೇ ಸಲ ಅರ್ಥ ಆಗುತ್ತೆ' ಅಂತ ಹೇಳಲು ನನಗೆ ಬಾಯಿ ಬರಲ್ಲ. ಕಲೆ ಅನ್ನೋದು ಸಮಯ ಇದ್ದವರ ಸೊತ್ತಾಗಬಾರದು ಅನ್ನೋ ಕಾಳಜಿ ಹಾರ್ನ್‌ಬಿ ಮಾತಿನ ಹಿಂದೆ ಇದೆ ಅಂತ ನಾನು ಓದಿಕೊಂಡಿದ್ದೇನೆ.

ಆದರೂ ಒಪ್ಪಲ್ಲ. ಯಾಕೆಂದರೆ ನಮ್ಮ ಊರುಗಳಲ್ಲಿ ಬಯಲಾಟ ನಡೆಯುತ್ತದೆ. ಕರಾವಳಿ, ಮಲೆನಾಡಿನ ಕಡೆ ಯಕ್ಷಗಾನ ಮೇಳ ಬರುತ್ತದೆ. ಇಡೀ ದಿನ ಗದ್ದೆಯಲ್ಲಿ ಬಗ್ಗಿದ ಜನ ಚಾಪೆ, ಕಂಬಳಿ ಹೊತ್ತು ತಂದು ಬೆಳಗಿನ ಜಾವದವರೆಗೆ ಕೂತು ನೋಡುತ್ತಿದ್ದರು, ಈಗಲೂ ಹಲವು ಕಡೆ ನೋಡುತ್ತಾರೆ. ದುಡಿಯುವವರಿಗೆ ತಾಳ್ಮೆ ಇರುವುದಿಲ್ಲ ಅನ್ನೋದು ಪೇಟೆಯ ಸಂಬಳದಾರರ ಲೆಕ್ಕ. ಅಷ್ಟು ಹೊತ್ತು ಹೇಗೆ ಕೂತರು? ಅವರಿಗೆ ಆ ಆಟದ ದಾರಿ ಗೊತ್ತಿತ್ತು. ಯಾವ ಪಾತ್ರ ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲಿ ನಿದ್ದೆ ಮಾಡಬಹುದು, ಎಲ್ಲಿ ಎದ್ದು ಕೂರಬೇಕು, ಎಲ್ಲಾ ಗೊತ್ತು. ಗೊತ್ತಿಲ್ಲದ ಮಕ್ಕಳಿಗೆ ಪಕ್ಕದಲ್ಲಿದ್ದ ಅಜ್ಜಿ ಹೇಳುತ್ತಿದ್ದಳು: 'ಮಲ್ಕೊ, ಕೀಚಕ ಬಂದಾಗ ಏಳಿಸ್ತೀನಿ.'

ಕಿಡ್ ಎ ಕೇಳಿದವರಿಗೆ ಆ ಅಜ್ಜಿ ಇರಲಿಲ್ಲ. ಆ ಜಾಗದಲ್ಲಿ ಕೂರಬೇಕಾಗಿದ್ದ ವಿಮರ್ಶಕರು ಅಂಕ ಹಾಕಿ ಎದ್ದು ಹೋದರು. ನನ್ನ ಇಡೀ ತಕರಾರು ಇಷ್ಟೇ.

ಒಂದು ಟೀಕೆ ಮಾತ್ರ ನನಗೆ ನ್ಯಾಯವಾದದ್ದು ಅನ್ನಿಸಿದೆ. ಅದನ್ನು ಎತ್ತಿದವರು ಎಲೆಕ್ಟ್ರಾನಿಕ್ ಸಂಗೀತವನ್ನು ಮೊದಲಿಂದ ಬಲ್ಲವರು. ಇದರಲ್ಲಿ ಹೊಸದೇನಿದೆ, ಅಫೆಕ್ಸ್ ಟ್ವಿನ್ ಏಳೆಂಟು ವರ್ಷದ ಹಿಂದೆಯೇ ಮಾಡಿದ್ದನ್ನು ಇವರು ಈಗ ಮಾಡಿದರೆ ಪದಕ ಕೊಡಬೇಕಾ ಅಂತ ಕೇಳಿದರು. ಸರಿಯಾದ ಪ್ರಶ್ನೆ. ಪ್ರಯೋಗ ಮಾಡಿದವರು ಒಬ್ಬರು, ಹೆಸರು ಬಂದದ್ದು ಇನ್ನೊಬ್ಬರಿಗೆ. ಜನಪದ ಹಾಡುಗಾರರಿಂದ ಸಿನಿಮಾದವರು ಟ್ಯೂನ್ ಎತ್ತಿಕೊಂಡಾಗ ನಾವು ಕೇಳುವ ಪ್ರಶ್ನೆಯೂ ಇದೇ ತಾನೆ?

ಆದರೆ ಇಲ್ಲೂ ಒಂದು ಕಥೆ ಇದೆ, ನನಗೆ ಇಡೀ ಆಲ್ಬಮ್ಮಿಗಿಂತ ಇಷ್ಟವಾದ ಕಥೆ.

1973ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪಾಲ್ ಲ್ಯಾನ್ಸ್ಕಿ ಅನ್ನೋ ಯುವ ಸಂಗೀತಗಾರ ಒಂದು ಕೃತಿ ಮಾಡಿದ. ಆಗಿನ ಕಂಪ್ಯೂಟರ್ ಅಂದರೆ ಒಂದು ಕೋಣೆ ತುಂಬುವಷ್ಟು ದೊಡ್ಡ ಐಬಿಎಂ ಯಂತ್ರ. ಬೇಕಾದ ಸ್ವರವನ್ನೆಲ್ಲ ಪ್ರೋಗ್ರಾಮಾಗಿ ಬರೆದು ಕೊಡಬೇಕು, ಅದು ಲೆಕ್ಕ ಹಾಕಿ ಮುಗಿಸುವವರೆಗೆ ಕಾಯಬೇಕು, ಆಮೇಲಷ್ಟೇ ಹೇಗೆ ಕೇಳಿಸುತ್ತೆ ಅಂತ ಗೊತ್ತಾಗೋದು. ಹೀಗೆ ಕೂಡಿಸಿ ಸುಮಾರು 18 ನಿಮಿಷದ ಕೃತಿ ಆಯಿತು. ಹೆಸರು 'ಮಿಲ್ಡ್ ಉಂಟ್ ಲೈಸೆ'. ಎಲೆಕ್ಟ್ರಾನಿಕ್ ಸಂಗೀತದ ಸ್ಪರ್ಧೆಯೊಂದರಲ್ಲಿ ಗೆದ್ದವರ ಕೃತಿಗಳ ರೆಕಾರ್ಡು ಬಂದಾಗ ಅದರಲ್ಲಿ ಇದೂ ಸೇರಿತು. ಎಷ್ಟು ಜನ ಕೇಳಿರಬಹುದು? ಸಂಗೀತ ವಿಭಾಗದ ಮೇಷ್ಟ್ರುಗಳು, ಅವರ ವಿದ್ಯಾರ್ಥಿಗಳು ಇರಬಹುದು. ಅಲ್ಲಿಗೆ ಮುಗಿಯಿತು.

ಇಪ್ಪತ್ತು ವರ್ಷದ ಮೇಲೆ ಆ ರೆಕಾರ್ಡು ಒಂದು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಬಿದ್ದಿತ್ತು. ಅಮೆರಿಕ ಪ್ರವಾಸದಲ್ಲಿದ್ದ ಜಾನಿ ಗ್ರೀನ್‌ವುಡ್ ಅದನ್ನು ಕೊಂಡ. ಮುಂದೆ ಸ್ಟುಡಿಯೋದಲ್ಲಿ ಅವನು ಐವತ್ತು ನಿಮಿಷದಷ್ಟು ಗಜಿಬಿಜಿ ಸದ್ದು ರೆಕಾರ್ಡ್ ಮಾಡಿ ಥಾಮ್‌ಗೆ ಕೊಟ್ಟ. ಅದರೊಳಗೆ ಲ್ಯಾನ್ಸ್ಕಿಯ ನಾಲ್ಕು ಸ್ವರಗುಚ್ಛಗಳಿದ್ದವು. ಅಷ್ಟು ಗದ್ದಲದ ನಡುವೆ ಥಾಮ್‌ಗೆ ಹಿಡಿಸಿದ್ದು ಸುಮಾರು 40 ಸೆಕೆಂಡು. ಆ 40 ಸೆಕೆಂಡೇ 'ಇಡಿಯೋಟೆಕ್' ಅನ್ನೋ ಹಾಡಾಯಿತು. ಕಿಡ್ ಎ ಆಲ್ಬಮ್ಮಿನಲ್ಲಿ ಜನ ಇವತ್ತಿಗೂ ಹೆಚ್ಚು ನೆನೆಯುವ ಹಾಡುಗಳಲ್ಲಿ ಅದೂ ಒಂದು. ಜಾನಿ ಪತ್ರ ಬರೆದು ಕೇಳಿದ, ಲ್ಯಾನ್ಸ್ಕಿ ಸಂತೋಷದಿಂದ ಒಪ್ಪಿದರು. ಹಾಡಿನ ರಚನೆಕಾರರ ಸಾಲಿನಲ್ಲಿ ಅವರ ಹೆಸರೂ ಇದೆ.

1973ರಿಂದ 2000. ಒಂದು ಕೃತಿಗೆ ಕೇಳುಗ ಸಿಗಲು 27 ವರ್ಷ. ಆ ಮಧ್ಯೆ ಅದಕ್ಕೆ ಯಾರಾದರೂ 5ಕ್ಕೆ ಎಷ್ಟು ಅಂತ ಅಂಕ ಹಾಕಿದ್ದರೆ ಏನು ಬರುತ್ತಿತ್ತು, ನೀವೇ ಊಹಿಸಿ.

ಹಾಗಂತ 'ಕಾಲ ಎಲ್ಲವನ್ನೂ ಸರಿಮಾಡುತ್ತೆ' ಅಂತ ಹೇಳಲು ನಾನು ತಯಾರಿಲ್ಲ. ಲ್ಯಾನ್ಸ್ಕಿಗೆ ವಿಶ್ವವಿದ್ಯಾಲಯದ ಕೆಲಸ ಇತ್ತು, ಊಟಕ್ಕೆ ತೊಂದರೆ ಇರಲಿಲ್ಲ. ರೇಡಿಯೋಹೆಡ್‌ಗೆ 'ಓಕೆ ಕಂಪ್ಯೂಟರ್' ತಂದುಕೊಟ್ಟ ದುಡ್ಡು, ಹೆಸರು, ಬೆನ್ನಿಗೆ ದೊಡ್ಡ ಕಂಪನಿ ಇತ್ತು. ವಿಮರ್ಶಕರು ಏನೇ ಬರೆಯಲಿ, ಕಿಡ್ ಎ ಮೊದಲ ವಾರವೇ ಅಮೆರಿಕದಲ್ಲಿ 2 ಲಕ್ಷಕ್ಕೂ ಮೇಲೆ ಮಾರಾಟವಾಗಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆ ದೇಶದಲ್ಲಿ ಅವರಿಗೆ ಅದೇ ಮೊದಲ ಸಲ ಒಂದನೇ ಸ್ಥಾನ. ಮರುವರ್ಷ ಗ್ರ್ಯಾಮಿಯೂ ಬಂತು. ಹೀಗಿರುವಾಗ ಒಂದೂವರೆ ಅಂಕ ಅವರನ್ನು ಏನು ಮಾಡುತ್ತೆ?

ಬೆನ್ನಿಗೆ ಯಾರೂ ಇಲ್ಲದವರ ಸ್ಥಿತಿ ಬೇರೆ. ನಮ್ಮ ತಾಲ್ಲೂಕುಗಳಲ್ಲೇ ಫೋನಿನ ಆ್ಯಪ್ ಹಿಡಿದು ಸದ್ದು ಕಟ್ಟುವ ಹುಡುಗರು ಹುಡುಗಿಯರಿದ್ದಾರೆ. ಟ್ರ್ಯಾಕ್ಟರಿನ ಸದ್ದು, ಬೋರ್‌ವೆಲ್ ಕೊರೆಯುವ ಸದ್ದು, ಸಂತೆಯ ಕೂಗು ಸೇರಿಸಿ ಏನೋ ಮಾಡಿ ಹಾಕುತ್ತಾರೆ. ನೋಡಿದವರು ನೂರೈವತ್ತು, ಕೆಳಗೆ ಕಾಮೆಂಟು ಮೂರು: 'ತಲೆನೋವು', 'ಇದು ಹಾಡಾ ಗುರು', ಮತ್ತೊಂದು ನಗುವ ಮುಖ. ಅವರಿಗೆ ಇದೇ ಒಂದೂವರೆ ಅಂಕ. ಎರಡನೆಯದ್ದು ಅವರು ಹಾಕುವುದಿಲ್ಲ. ಒಂಬತ್ತು ವರ್ಷ ಬಿಟ್ಟು ಯಾರೂ ಬಂದು ಅದನ್ನು ಹುಡುಕುವುದೂ ಇಲ್ಲ.

ಒಂಬತ್ತು ವರ್ಷ ಅಂದೆನಲ್ಲ, ಅದಕ್ಕೂ ಕಾರಣ ಇದೆ. 2009ರಲ್ಲಿ ದಶಕ ಮುಗಿಯಿತು ಅಂತ ಎಲ್ಲರೂ ಪಟ್ಟಿ ಮಾಡಿದರು. 'ರೋಲಿಂಗ್ ಸ್ಟೋನ್', 'ಪಿಚ್‌ಫೋರ್ಕ್', ಲಂಡನ್ನಿನ 'ಟೈಮ್ಸ್', ಮೂರೂ ಆ ದಶಕದ ಅತ್ಯುತ್ತಮ ಆಲ್ಬಮ್ ಅಂತ ಕಿಡ್ ಎ ಹೆಸರನ್ನೇ ಮೇಲೆ ಬರೆದವು. 2020ರಲ್ಲಿ 'ರೋಲಿಂಗ್ ಸ್ಟೋನ್' ಸಾರ್ವಕಾಲಿಕ 500 ಆಲ್ಬಮ್‌ಗಳ ಪಟ್ಟಿ ಹೊಸದಾಗಿ ಮಾಡಿದಾಗ ಇದು 20ನೇ ಸ್ಥಾನದಲ್ಲಿತ್ತು. ಬೈದ 'ಮೆಲೊಡಿ ಮೇಕರ್' 1926ರಿಂದ ನಡೆದು ಬಂದ ಪತ್ರಿಕೆ. ಕಿಡ್ ಎ ಬಂದ ಅದೇ ವರ್ಷದ ಡಿಸೆಂಬರಿನಲ್ಲಿ ಮುಚ್ಚಿ 'ಎನ್‌ಎಂಇ' ಜೊತೆ ಸೇರಿಹೋಯಿತು. ಇದನ್ನು ಶಾಪ ತಟ್ಟಿತು ಅಂತ ಹೇಳುವ ಅಭಿಮಾನಿಗಳಿದ್ದಾರೆ. ಹಾಗೇನೂ ಇಲ್ಲ, ಓದುಗರು ಕಮ್ಮಿಯಾಗಿ ಪತ್ರಿಕೆ ನಿಂತಿತು, ಅಷ್ಟೇ.

ಬೋಮಾಂಟ್ ಏನು ಮಾಡಿದರು ಗೊತ್ತಾ? ಹತ್ತು ವರ್ಷ ಆದ ಮೇಲೆ, 2010ರಲ್ಲಿ, 'ಗಾರ್ಡಿಯನ್' ಪತ್ರಿಕೆಗೆ ಮತ್ತೆ ಬರೆದರು. ಎಲ್ಲರೂ ಮೆಚ್ಚಿದ್ದಾರೆ ಅಂತ ತಮ್ಮ ಮಾತು ತಿರುಗಿಸಲಿಲ್ಲ. ನನಗೆ ಇವತ್ತೂ ಹಿಡಿಸಿಲ್ಲ ಅಂತಲೇ ನಿಂತರು. ಅವರ ಕಿವಿಯನ್ನು ನಾನು ಒಪ್ಪದಿದ್ದರೂ ಈ ಹಟ ನನಗೆ ಮೆಚ್ಚುಗೆ. ಅಷ್ಟು ಹೊತ್ತಿಗೆ ಹೊಗಳುವವರ ಗುಂಪಿನಲ್ಲಿ ಎಷ್ಟು ಜನ ನಿಜವಾಗಿ ಕೇಳಿ ಮೆಚ್ಚಿದ್ದರು, ಎಷ್ಟು ಜನ ಮೆಚ್ಚದಿದ್ದರೆ ದಡ್ಡ ಅಂದಾರು ಅಂತ ತಲೆಯಾಡಿಸಿದರು ಅನ್ನೋದು ದೇವರಿಗೇ ಗೊತ್ತು. ಪ್ರಶಸ್ತಿ ಬಂದ ಸಿನಿಮಾ ನೋಡಿ ಹೊರಬಂದವರು 'ಚೆನ್ನಾಗಿದೆ' ಅನ್ನೋ ಮುಂಚೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರಲ್ಲ, ಅದೇ.

ಹೊಸ ಸದ್ದಿಗೆ ಬಾಗಿಲು ಹಾಕುವುದು ಇಂಗ್ಲೆಂಡಿನವರ ಒಬ್ಬರ ಕಾಯಿಲೆಯಲ್ಲ. ಈ ಆಲ್ಬಮ್ಮಿನ ಕೊನೆಯ ಹಾಡಿನಲ್ಲಿ ಕಾಲಿನಿಂದ ತುಳಿದು ಗಾಳಿ ತುಂಬುವ ಆರ್ಗನ್ ಇದೆ. ಕೇಳಿದ ಕೂಡಲೇ ನಮಗೆ ಗುರುತು ಸಿಗುತ್ತದೆ, ನಾಟಕ ಕಂಪನಿಯ ಕಾಲು ಹಾರ್ಮೋನಿಯಂ ಅದೇ ಕುಲದ್ದು. ಆ ಹಾರ್ಮೋನಿಯಮ್ಮನ್ನೇ ನಮ್ಮ ಆಕಾಶವಾಣಿ 1940ರಲ್ಲಿ ನಿಷೇಧ ಮಾಡಿತ್ತು. ವಿದೇಶಿ ವಾದ್ಯ, ಗಮಕ ಬರುವುದಿಲ್ಲ, ನಮ್ಮ ಸಂಗೀತಕ್ಕೆ ಹೊಂದಲ್ಲ ಅನ್ನೋ ಕಾರಣ. 1971ರವರೆಗೆ ಆ ನಿಷೇಧ ಇತ್ತು. ಅಷ್ಟೂ ವರ್ಷ ನಮ್ಮ ಕಂಪನಿ ನಾಟಕ, ಭಜನೆ, ಹರಿಕಥೆ ನಡೆದದ್ದು ಯಾವ ವಾದ್ಯದ ಮೇಲೆ? ಹಾರ್ಮೋನಿಯಮ್ಮಿನ ಮೇಲೇ. ದಿಲ್ಲಿಯವರ ವಿಮರ್ಶೆ ದಿಲ್ಲಿಯಲ್ಲಿ, ಪೇಟಿ ಮೇಷ್ಟ್ರ ಕೈ ಪೇಟಿ ಮೇಲೆ.

ನಮ್ಮ ಬ್ಲಾಗಿನ ಗೆಳೆಯರಿಗೆ ನನ್ನದೊಂದು ಪ್ರಸ್ತಾಪ ಇದೆ, ಇಲ್ಲೇ ಎಲ್ಲರೆದುರು ಇಡುತ್ತೇನೆ. ಇನ್ನು ಮುಂದೆ ಸ್ಟಾರ್ ಕೊಡುವುದನ್ನು ಬಿಡೋಣ. ಹೊಸ ಥರದ ಹಾಡು, ನಾಟಕ ಬಂದರೆ ಕನಿಷ್ಠ ಮೂರು ಸಲ ಕೇಳದೆ, ಎರಡು ಸಲ ನೋಡದೆ ಬರೆಯುವುದು ಬೇಡ. ಇಷ್ಟವಾಗಲಿಲ್ಲ ಅಂತ ಬರೆಯಿರಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ಯಾವ ಜಾಗದಲ್ಲಿ ಮನಸ್ಸು ಕಿತ್ತುಕೊಂಡು ಹೋಯಿತು ಅಂತ ತೋರಿಸಿ. ಓದಿದವರು ಅದೇ ಜಾಗಕ್ಕೆ ಹೋಗಿ ತಮ್ಮ ಕಿವಿಯಿಂದ ನೋಡಿಕೊಳ್ಳಲಿ. ಕ್ಲಿಕ್ಕು ಕಮ್ಮಿ ಬರುತ್ತೆ ಅಂತ ಕೆಲವರು ಹೇಳುತ್ತಾರೆ. ಬರಲಿ ಬಿಡಿ.

ಹಾಗಾದರೆ ಕಿಡ್ ಎ ಬಗ್ಗೆ ನಾನೂ ಜಾಗ ತೋರಿಸಬೇಕಲ್ಲ. ತೋರಿಸುತ್ತೇನೆ.

ಎಲೆಕ್ಟ್ರಾನಿಕ್ ಸದ್ದು ನಿಮಗೆ ಹೊಸದೇನಲ್ಲ. ಗಣಪತಿ ಮೆರವಣಿಗೆಯ ಡಿಜೆ ಕೇಳಿದ್ದೀರಿ, ಎದೆಗೆ ಗುದ್ದುವ ಬೇಸ್ ಗೊತ್ತು. ಇಲ್ಲಿ ಕಷ್ಟ ಕೊಡುವುದು ಹಿಡಿದುಕೊಳ್ಳಲು ಪಲ್ಲವಿ ಸಿಗದೆ ಇರುವುದು. ಆದ್ದರಿಂದ ಪಲ್ಲವಿ ಹುಡುಕಬೇಡಿ. ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಕೆಳಗಿನ ಸದ್ದೆಲ್ಲ ಹೋಗಿಬಿಡುತ್ತದೆ. ನೂರಿನ್ನೂರು ರೂಪಾಯಿಯ ಇಯರ್‌ಫೋನ್ ಸಾಕು.

ಮೊದಲ ಹಾಡಿನಿಂದ ಶುರು ಮಾಡಬೇಡಿ. ನಾಲ್ಕನೆಯದ್ದು, 'ಹೌ ಟು ಡಿಸಪಿಯರ್ ಕಂಪ್ಲೀಟ್ಲಿ', ಅದರಿಂದ ಶುರು ಮಾಡಿ. ಅದರಲ್ಲಿ ಗಿಟಾರೂ ಇದೆ, ಮನುಷ್ಯನ ದನಿಯೂ ಇದೆ, ಕಾಲೂರಲು ನೆಲ ಸಿಗುತ್ತದೆ. ಹಿಂದೆ ಒಂದು ಗಾಳಿಯಂಥ ದನಿ ಎಳೆದುಕೊಂಡು ಹೋಗುವುದನ್ನು ಗಮನಿಸಿ. ಅದು ಒಂಡ್ ಮಾರ್ತೆನೊ ಅನ್ನೋ ವಾದ್ಯ, 1928ರ ಸುಮಾರಿಗೆ ಫ್ರಾನ್ಸಿನಲ್ಲಿ ಹುಟ್ಟಿದ್ದು. ನೋಡಲು ಹಾರ್ಮೋನಿಯಮ್ಮಿನ ಮನೆಗಳಿರುವ ಮೇಜು, ಮುಂದೆ ಒಂದು ತಂತಿ, ತಂತಿಗೊಂದು ಉಂಗುರ. ಉಂಗುರಕ್ಕೆ ಬೆರಳು ಹಾಕಿ ಜಾರಿಸಿದರೆ ಸ್ವರದಿಂದ ಸ್ವರಕ್ಕೆ ಕಡಿಯದೆ ಜಾರುತ್ತದೆ. ನಮ್ಮ ಸಂಗೀತ ಕೇಳಿದ ಕಿವಿಗೆ ಈ ಜಾರು ಬಿಳಿಯರ ಕಿವಿಗಿಂತ ಬೇಗ ಹಿಡಿಸುತ್ತದೆ ಅಂತ ನನ್ನ ನಂಬಿಕೆ.

ಅದಾದ ಮೇಲೆ 'ಇಡಿಯೋಟೆಕ್' ಕೇಳಿ. ಡಿಜೆ ಮುಂದೆ ಕುಣಿದವರಿಗೆ ಅದರ ಬಡಿತ ಕಷ್ಟವಾಗಲ್ಲ. ಬಡಿತದ ಮೇಲೆ ಮಂಜಿನಂತೆ ತೇಲುವ ಆ ನಾಲ್ಕು ಸ್ವರಗುಚ್ಛಗಳೇ ಲ್ಯಾನ್ಸ್ಕಿ ಮೇಷ್ಟ್ರ 1973ರ ಲೆಕ್ಕ. ಆಮೇಲೆ ಕೊನೆಯ ಹಾಡಿಗೆ ಹೋಗಿ ಕಾಲು ಆರ್ಗನ್ನಿನ ತಿದಿಯ ಉಸಿರು ಕೇಳಿ. ಇಷ್ಟಾದ ಮೇಲೆ ಮೊದಲ ಹಾಡಿಗೆ ಬಂದರೆ ಸಾಕು, ಅಷ್ಟು ಹೊತ್ತಿಗೆ ಅದು ಹೆದರಿಸುವುದಿಲ್ಲ.

ಐದನೆಯದ್ದು 'ಟ್ರೀಫಿಂಗರ್ಸ್'. ಮಾತಿಲ್ಲ, ಬಡಿತವಿಲ್ಲ, ಮೂರೂ ಮುಕ್ಕಾಲು ನಿಮಿಷ ಬರೀ ಗುಂಯ್ ಅನ್ನುತ್ತದೆ. ಮೂರು ಸಲ ಅಲ್ಲ, ಮೂವತ್ತು ಸಲ ಕೇಳಿದರೂ ನನಗೆ ಹಿಡಿಸಿಲ್ಲ. ಬಿಟ್ಟು ಮುಂದೆ ಹೋದರೆ ನನ್ನದೇನೂ ತಕರಾರಿಲ್ಲ.